ಏಳು ಸಾಲು ಹಾಕ್ತೀನಿ, ಆಟ ಅರ್ಧಕ್ಕೇ ನಿಲ್ತದೆ

ಪ್ರಶ್ನೆ: ನಾನು ಜಮಖಂಡಿಯವಳು. ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದೆ, ಈಗ ನಿವೃತ್ತಿ. ಮೊಣಕಾಲಿನ ಆಪರೇಷನ್ ಆಗಿ ಎರಡು ತಿಂಗಳಾಯಿತು, ಹೊರಗೆ ಓಡಾಟ ಕಡಿಮೆ. ಮೊಮ್ಮಗಳು ಮೊಬೈಲ್‌ನಲ್ಲಿ ಸಾಲಿಟೇರ್ ಆಡೋದು ನೋಡಿ ನಾನೂ ಒಂದು ಇಸ್ಪೀಟ್ ಕಟ್ಟು ತರಿಸಿಕೊಂಡು ಮಂಚದ ಮೇಲೇ ಆಡ್ತೀನಿ. ನಿಯಮ ಗೊತ್ತಿದೆ ಅಂದುಕೊಂಡಿದ್ದೇನೆ. ಆದರೆ ಹತ್ತು ಸಲ ಹಾಕಿದರೂ ಒಂದು ಸಲ ಪೂರ್ತಿಯಾಗೋದಿಲ್ಲ. ಅವಳು ಮಾತ್ರ ದಿನಾ ಗೆಲ್ತಾಳೆ. ತಪ್ಪು ನನ್ನದಾ, ಎಲೆಯದಾ? ಇನ್ನೊಂದು ಮಾತು. ಆಟ ನಿಂತಾಗ ಕೆಳಗಿನ ಎಲೆ ಎತ್ತಿ ನೋಡಿದರೆ "ಅಜ್ಜಿ, ಮೋಸ" ಅಂತಾಳೆ. ಅದು ಮೋಸ ಆಗ್ತದಾ?

ಉತ್ತರ: ಅಕ್ಕೋರೇ, ಎಲ್ಲಕ್ಕಿಂತ ಮೊದಲು ಎಲೆ ಎಣಿಸಿ. ನಗಬೇಡಿ, ಅನುಭವದ ಮಾತು. ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡೋದಿಲ್ಲ. ಅಂಥ ಒಂದು ಮಳೆಗಾಲ ಪೂರ್ತಿ ನಾನು ಸಂಜೆ ಸಂಜೆ ಆಡಿ ಒಂದು ಆಟವನ್ನೂ ಗೆದ್ದಿರಲಿಲ್ಲ. ನಸೀಬು ಸರಿ ಇಲ್ಲ ಅಂತ ಬೈದುಕೊಂಡಿದ್ದೆ. ದಸರೆಗೆ ಮನೆ ಸಾರಿಸುವಾಗ ಟ್ರಂಕಿನ ಕೆಳಗೆ ಕಿಲವರ್ ತಿರ್ರಿ ಸಿಕ್ಕಿತು. ಕಿಲವರ್ ಎಕ್ಕಾ, ದುರ್ರಿ ಮೇಲೆ ಹೋದ ಮೇಲೆ ಮುಂದೆ ದಾರಿಯೇ ಇರಲಿಲ್ಲ! ಜೋಕರ್ ಬಿಟ್ಟು ಸರಿಯಾಗಿ 52 ಇರಬೇಕು. ಒಂದು ಕಳೆದಿದ್ದರೆ ಹೊಸ ಕಟ್ಟು ತರೋದು ಬೇಡ. ಜೋಕರ್ ಮೇಲೆ ಪೆನ್ನಿನಲ್ಲಿ ಅದರ ಹೆಸರು ಬರೆದು ಸೇರಿಸಿಕೊಳ್ಳಿ. ಒಬ್ಬರೇ ಆಡುವಾಗ ಆ ಎಲೆಯ ಗುರುತು ಹಿಂದಿನಿಂದ ಗೊತ್ತಾದರೂ ಯಾರಿಗೂ ನಷ್ಟವಿಲ್ಲ.

ಎಲೆ ಸರಿ ಇದೆ ಅಂದುಕೊಳ್ಳೋಣ. ನೀವು ನಿಯಮ ಗೊತ್ತು ಅಂದಿದ್ದೀರಿ, ಆದರೂ ಒಮ್ಮೆ ಹೇಳಿಬಿಡ್ತೀನಿ. ಮೊಬೈಲ್ ನೋಡಿ ಕಲಿತವರಿಗೆ ಒಂದೆರಡು ನಿಯಮ ತಪ್ಪಿಹೋಗಿರುತ್ತವೆ. ಅಲ್ಲಿ ತಪ್ಪು ಎಲೆ ಇಟ್ಟರೆ ಫೋನೇ ವಾಪಸ್ ಕಳಿಸ್ತದೆ, ಮಂಚದ ಮೇಲೆ ತಡೆಯುವವರು ಯಾರೂ ಇಲ್ಲ.

ಎಡದಿಂದ ಬಲಕ್ಕೆ ಏಳು ಸಾಲು. ಮೊದಲನೇ ಸಾಲಿಗೆ ಒಂದು ಎಲೆ, ಎರಡನೆಯದಕ್ಕೆ ಎರಡು, ಹೀಗೆ ಏಳನೆಯದಕ್ಕೆ ಏಳು. ಒಟ್ಟು 28. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ತೆರೆದಿರಬೇಕು, ಮಿಕ್ಕಿದ್ದೆಲ್ಲ ಡಬ್ಬ. ಅಂದರೆ 21 ಎಲೆ ಮುಖ ಕೆಳಗೆ. ಈ 21 ನೆನಪಿಡಿ, ನಾನು ಮುಂದೆ ಹೇಳೋದೆಲ್ಲ ಇದರ ಸುತ್ತಲೇ. ಕೈಯಲ್ಲಿ ಉಳಿಯುವ ಕಟ್ಟು 24.

ಸಾಲಿನಲ್ಲಿ ಎಲೆ ಇಳಿಯುತ್ತಾ ಹೋಗಬೇಕು, ಬಣ್ಣ ಬದಲಾಗುತ್ತಾ ಹೋಗಬೇಕು. ಕಪ್ಪು ಒಂಬತ್ತರ ಮೇಲೆ ಕೆಂಪು ಎಂಟು, ಅದರ ಮೇಲೆ ಕಪ್ಪು ಏಳು. ಬದಾಮ್, ಚೌಕಟ್ ಕೆಂಪು. ಇಸ್ಪೀಕ್, ಕಿಲವರ್ ಕಪ್ಪು. ಹೀಗೆ ಜೋಡಿಸಿದ ಎಲೆಗಳನ್ನು ಒಟ್ಟಿಗೇ ಎತ್ತಿ ಇನ್ನೊಂದು ಸಾಲಿಗೆ ಇಡಬಹುದು. ಮೇಲ್ಗಡೆ ನಾಲ್ಕು ಜಾಗ ಖಾಲಿ ಬಿಟ್ಟುಕೊಳ್ಳಿ, ನಾನು ಅದನ್ನು ಮನೆ ಅಂತೀನಿ. ಅಲ್ಲಿ ಎಕ್ಕಾದಿಂದ ಶುರುವಾಗಿ ರಾಜನವರೆಗೆ ಒಂದೇ ಗುರುತಿನ ಎಲೆಗಳು ಏರುತ್ತಾ ಹೋಗಬೇಕು. ಚೌಕಾಬಾರದಲ್ಲಿ ಕಾಯಿ ಹಣ್ಣಾಗ್ತದಲ್ಲ, ಹಾಗೆ. ನಾಲ್ಕೂ ಮನೆ ತುಂಬಿದರೆ ಆಟ ಮುಗಿಯಿತು.

ಸಾಲು ಪೂರ್ತಿ ಖಾಲಿಯಾದರೆ ಅಲ್ಲಿ ರಾಜನನ್ನು ಮಾತ್ರ ಇಡಬೇಕು. ಬೇರೆ ಯಾವ ಎಲೆಯನ್ನೂ ಇಡುವ ಹಾಗಿಲ್ಲ. ಇದನ್ನು ಸಡಿಲ ಮಾಡಿಕೊಂಡು ಆಡುವವರು ಬಹಳ ಜನ. ಸಡಿಲ ಮಾಡಿದರೆ ಆಟ ಸುಲಭ, ಆದರೆ ಅದು ಬೇರೆ ಆಟ.

ಈ ಆಟಕ್ಕೆ ನಿಜವಾದ ಹೆಸರು ಕ್ಲಾಂಡೈಕ್. ಕೆನಡಾದ ಒಂದು ಸೀಮೆಯ ಹೆಸರು ಅದು, 1896ರಲ್ಲಿ ಅಲ್ಲಿ ಬಂಗಾರ ಸಿಕ್ಕಿ ಜನ ಮುಗಿಬಿದ್ದಿದ್ದರು. ಸಾಲಿಟೇರ್ ಅಂದರೆ ಒಬ್ಬರೇ ಆಡುವ ಆಟ ಅಂತಷ್ಟೇ, ಅದರಲ್ಲಿ ನೂರಾರು ಬಗೆ. 1990ರಲ್ಲಿ ಬಂದ ವಿಂಡೋಸ್ 3.0 ಜೊತೆ ಮೈಕ್ರೋಸಾಫ್ಟ್ ಈ ಕ್ಲಾಂಡೈಕನ್ನೇ ಕೊಟ್ಟಿದ್ದರಿಂದ ಇಡೀ ಲೋಕಕ್ಕೆ ಸಾಲಿಟೇರ್ ಅಂದರೆ ಇದೇ ಆಗಿಹೋಯಿತು. ಅದನ್ನು ಬರೆದವನು ವೆಸ್ ಚೆರಿ, ಆಗ ಅಲ್ಲಿ ಕೆಲಸ ಕಲಿಯಲು ಬಂದಿದ್ದ ಹುಡುಗ. ಎಲೆಗಳ ಚಿತ್ರ ಸೂಸನ್ ಕೇರ್ ಅವರದು. ನಾನೂ ಕಲಿತದ್ದು ಆಫೀಸಿನ ಕಂಪ್ಯೂಟರ್‌ನಲ್ಲೇ, ಸಾಹೇಬರು ಊಟಕ್ಕೆ ಹೋದಾಗ.

ಈಗ ನಿಮ್ಮ ಪ್ರಶ್ನೆ. ತಪ್ಪು ಯಾರದು?

ಎಲ್ಲ ಎಲೆ ಎಲ್ಲೆಲ್ಲಿವೆ ಅಂತ ಮೊದಲೇ ಗೊತ್ತಿದ್ದು, ಒಂದೂ ತಪ್ಪಿಲ್ಲದೆ ಆಡಿದರೆ, ಮೂರು ಮೂರು ಎಲೆ ತೆರೆಯುವ ಕ್ಲಾಂಡೈಕ್‌ನಲ್ಲಿ ನೂರಕ್ಕೆ ಸುಮಾರು 82 ಆಟ ಗೆಲ್ಲಬಹುದು. ಇದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಕಂಡುಕೊಂಡದ್ದು. ಅಂದರೆ ಹತ್ತರಲ್ಲಿ ಸುಮಾರು ಎರಡು ಆಟ ಎಲೆ ಹಾಕಿದಾಗಲೇ ಸತ್ತಿರುತ್ತವೆ, ಬ್ರಹ್ಮ ಬಂದರೂ ಆಗೋದಿಲ್ಲ. ಆದರೆ ನಮಗೆ ಡಬ್ಬ ಎಲೆ ಕಾಣೋದಿಲ್ಲವಲ್ಲ. ಹಾಗಾಗಿ ಚೆನ್ನಾಗಿ ಆಡುವವರೂ 82ರ ಹತ್ತಿರಕ್ಕೆ ಹೋಗೋದಿಲ್ಲ. ಆದರೂ ಹತ್ತಕ್ಕೆ ಹತ್ತೂ ನಿಂತುಹೋಗ್ತವೆ ಅಂದರೆ, ಕ್ಷಮಿಸಿ ಅಕ್ಕೋರೇ, ಅದರಲ್ಲಿ ಕೈತಪ್ಪೂ ಇದೆ.

ಏನು ತಪ್ಪು ಅಂತ ಊಹಿಸಬಲ್ಲೆ. ನಿಮ್ಮ ಕಣ್ಣು ಮೇಲಿನ ಮನೆ ಕಡೆ ಇದೆ. ಎಕ್ಕಾ, ದುರ್ರಿ, ತಿರ್ರಿ ಏರಿಸೋದೇ ಆಟ ಅಂದುಕೊಂಡಿದ್ದೀರಿ. ಬದಾಮ್ ಸಾತ್ ಆಡಿ ಬೆಳೆದ ನಮಗೆಲ್ಲ ಅದೇ ರೂಢಿ. ಎಲೆ ಕೂರುವ ಜಾಗ ಕಂಡರೆ ಕೈ ತಡೆಯೋದಿಲ್ಲ. ಆದರೆ ಇಲ್ಲಿ ಗೆಲುವು ಇರೋದು ಮೇಲಲ್ಲ, ಕೆಳಗೆ, ಆ 21 ಡಬ್ಬ ಎಲೆಗಳಲ್ಲಿ. ಅವನ್ನೆಲ್ಲ ತೆರೆದಿರೋ, ಆಟ ಗೆದ್ದ ಹಾಗೆಯೇ. ಯಾಕೆ ಅಂತ ಹೇಳ್ತೀನಿ. ಡಬ್ಬ ಎಲೆ ಒಂದೂ ಇಲ್ಲ ಅಂದರೆ ಏಳೂ ಸಾಲು ದೊಡ್ಡದರಿಂದ ಸಣ್ಣದಕ್ಕೆ ಸರಿಯಾಗಿ ಇಳಿದಿರುತ್ತವೆ. ಆಗ ಇನ್ನೂ ಮನೆ ಸೇರದ ಎಲೆಗಳಲ್ಲಿ ಎಲ್ಲಕ್ಕಿಂತ ಸಣ್ಣದು ಎಲ್ಲಿರುತ್ತದೆ? ಯಾವುದೋ ಸಾಲಿನ ತುದಿಯಲ್ಲಿ, ಇಲ್ಲವೇ ಕೈಯ ಕಟ್ಟಿನಲ್ಲಿ. ಅದರ ಮೇಲೆ ಇನ್ನೊಂದು ಕೂತಿರಲು ಸಾಧ್ಯವೇ ಇಲ್ಲ, ಯಾಕೆಂದರೆ ಕೂರಬೇಕಾದರೆ ಅದಕ್ಕಿಂತ ಸಣ್ಣದಿರಬೇಕು. ಅದು ಮನೆಗೆ ಹೋಗ್ತದೆ. ಆಮೇಲೆ ಅದರ ಮುಂದಿನದು. ಒಂದೊಂದೇ ಎಲೆ ತೆರೆದು ಆಡಿದರೆ ಆ ಹಂತದಿಂದ ಸೋಲೋಕೆ ಬರೋದೇ ಇಲ್ಲ.

ಹಾಗಾಗಿ ಪ್ರತಿ ನಡೆಗೂ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದರಿಂದ ಒಂದು ಡಬ್ಬ ಎಲೆ ತೆರೀತದಾ? ಇಲ್ಲ ಅಂದರೆ ಈಗಲೇ ಯಾಕೆ?

ಒಂದು ಆಟವನ್ನೇ ಇಟ್ಟುಕೊಂಡು ನೋಡೋಣ. ನಿಮ್ಮ ಕಟ್ಟು ತೆಗೆದುಕೊಂಡು ಹಾಗೇ ಜೋಡಿಸಿ. ಎಡದಿಂದ ತೆರೆದ ಎಲೆಗಳು ಇವು: ಇಸ್ಪೀಕ್ ಒಂಬತ್ತು, ಬದಾಮ್ ಐದು, ಚೌಕಟ್ ರಾಣಿ, ಕಿಲವರ್ ನಾಲ್ಕು, ಚೌಕಟ್ ಹತ್ತು, ಇಸ್ಪೀಕ್ ಗುಲಾಮ, ಬದಾಮ್ ಎಂಟು. ರಾಜ ಒಬ್ಬನೂ ಕಾಣ್ತಿಲ್ಲ, ಎಕ್ಕಾ ಕೂಡ ಇಲ್ಲ.

ನೋಡಿದ ಕೂಡಲೇ ಕೈ ಎಲ್ಲಿಗೆ ಹೋಗ್ತದೆ? ಮೊದಲನೇ ಸಾಲಿನ ಒಂಬತ್ತು ಎತ್ತಿ ಚೌಕಟ್ ಹತ್ತರ ಮೇಲೆ ಇಡೋಣ ಅನ್ನಿಸ್ತದೆ. ಒಂದು ಸಾಲು ಖಾಲಿ, ಖುಷಿ. ಬೇಡ! ಮೊದಲನೇ ಸಾಲಿನಲ್ಲಿ ಡಬ್ಬ ಎಲೆಯೇ ಇಲ್ಲ, ಆ ನಡೆಯಿಂದ ಏನೂ ತೆರೆಯಲಿಲ್ಲ. ಖಾಲಿ ಜಾಗಕ್ಕೆ ಇಡಲು ರಾಜನೂ ಇಲ್ಲ. ಏಳು ಸಾಲಿನ ಆಟವನ್ನು ಆರು ಸಾಲಿನದು ಮಾಡಿಕೊಂಡಿರಿ, ಅಷ್ಟೇ. ಒಂಬತ್ತನ್ನು ವಾಪಸ್ ತಂದು ಅಲ್ಲೇ ಇಡೋಣ ಅಂದರೆ ನಿಯಮ ಬಿಡೋದಿಲ್ಲ.

ಬದಲಿಗೆ ಹೀಗೆ ಮಾಡಿ. ಏಳನೇ ಸಾಲಿನ ಬದಾಮ್ ಎಂಟನ್ನು ಆ ಒಂಬತ್ತರ ಮೇಲೆ ತನ್ನಿ. ಆರು ಡಬ್ಬ ಎಲೆ ಇರುವ ಅತಿ ಭಾರದ ಸಾಲಿನಲ್ಲಿ ಒಂದು ತೆರೆಯಿತು. ಇಸ್ಪೀಕ್ ಗುಲಾಮನನ್ನು ಚೌಕಟ್ ರಾಣಿ ಮೇಲಿಡಿ. ಆರನೇ ಸಾಲಿನಲ್ಲಿ ಒಂದು ತೆರೆಯಿತು. ಚೌಕಟ್ ಹತ್ತನ್ನು ಆ ಗುಲಾಮನ ಮೇಲಿಡಿ. ಐದನೆಯದರಲ್ಲಿ ಒಂದು. ಕಿಲವರ್ ನಾಲ್ಕನ್ನು ಬದಾಮ್ ಐದರ ಮೇಲಿಡಿ. ನಾಲ್ಕನೆಯದರಲ್ಲಿ ಒಂದು. ಕಟ್ಟನ್ನು ಮುಟ್ಟುವ ಮೊದಲೇ ನಾಲ್ಕು ಎಲೆ ತೆರೆದಿರಿ. ಒಂದೊಂದು ತೆರೆದಾಗಲೂ ಸ್ವಲ್ಪ ನಿಂತು ನೋಡಿ, ಹೊಸ ಎಲೆಯಿಂದ ಹೊಸ ದಾರಿ ಹುಟ್ಟಿರಬಹುದು.

ಈಗ ಮೊದಲನೇ ಸಾಲಿನಲ್ಲಿ ಒಂಬತ್ತು, ಎಂಟು ಕೂತಿವೆ. ಮೂರನೆಯದರಲ್ಲಿ ರಾಣಿ, ಗುಲಾಮ, ಹತ್ತು. ಆ ಜೋಡಿಯನ್ನು ಹತ್ತರ ಮೇಲೆ ಈಗಲೂ ಕೂರಿಸಬಹುದು. ಕೂರಿಸಬೇಡಿ, ಕಾಯಿರಿ. ಎಲ್ಲಿಂದಾದರೂ ಒಬ್ಬ ರಾಜ ಬರಲಿ, ಆಗ ಜೋಡಿಯನ್ನು ಸರಿಸಿ ಜಾಗ ಖಾಲಿ ಮಾಡಿ ರಾಜನನ್ನು ಕೂರಿಸಿ. ಅಷ್ಟರಲ್ಲಿ ಕಿಲವರ್ ಒಂಬತ್ತು ಬಂದರೆ? ಹತ್ತರ ಮೇಲೆ ಅದಕ್ಕೂ ಜಾಗ ಇದೆ. ಎರಡು ದಾರಿ ತೆರೆದಿವೆ. ಅವಸರ ಮಾಡಿದ್ದರೆ ಒಂದೇ ಇರುತ್ತಿತ್ತು.

ರಾಜ ಬಂದಾಗಲೂ ಸಿಕ್ಕವನನ್ನು ಸುಮ್ನೆ ಕೂರಿಸಬೇಡಿ. ಕಪ್ಪು ರಾಜ ಕೂತರೆ ಮೇಲೆ ಕೆಂಪು ರಾಣಿ ಬೇಕು, ಅದರ ಮೇಲೆ ಕಪ್ಪು ಗುಲಾಮ. ಈ ಆಟದಲ್ಲಿ ಚೌಕಟ್ ರಾಣಿ ತನ್ನ ಪರಿವಾರದೊಂದಿಗೆ ಸಿದ್ಧವಾಗಿದ್ದಾಳೆ, ಅವಳ ಕೆಳಗೆ ಎರಡು ಡಬ್ಬ ಎಲೆ ಇವೆ. ಹಾಗಾಗಿ ಇಲ್ಲಿ ಬೇಕಾದದ್ದು ಕಪ್ಪು ರಾಜ. ಕೆಂಪು ರಾಜ ಮೊದಲು ಬಂದ ಅಂತ ಕೂರಿಸಿದರೆ ಕಪ್ಪು ರಾಣಿ ಬರುವವರೆಗೆ ಅವನು ಒಬ್ಬನೇ ಕೂತಿರಬೇಕು. ಯಾವ ರಾಜ ಅನ್ನೋದನ್ನು ರಾಣಿ, ಗುಲಾಮರನ್ನು ನೋಡಿ ಠರಾಯಿಸಬೇಕು.

ಮನೆಗೆ ಏರಿಸುವ ವಿಷಯ. ಎಕ್ಕಾ, ದುರ್ರಿ ಸಿಕ್ಕ ಕೂಡಲೇ ಕಳಿಸಿ, ಯೋಚನೆ ಬೇಡ. ದುರ್ರಿ ಸಾಲಿನಲ್ಲಿ ಕೂತು ಮಾಡೋದೇನೂ ಇಲ್ಲ, ಅದರ ಮೇಲೆ ಕೂರಬಹುದಾದದ್ದು ಎಕ್ಕಾ ಮಾತ್ರ, ಎಕ್ಕಾ ಹೇಗೂ ಮನೆಗೇ ಹೋಗ್ತದೆ. ತಿರ್ರಿಯಿಂದ ಮುಂದೆ ಮಾತ್ರ ಕೈ ಹಿಡಿತದಲ್ಲಿರಲಿ. ನಮ್ಮ ಈ ಆಟದಲ್ಲೇ ನೋಡಿ, ಬದಾಮ್ ಐದು ಇದ್ದದ್ದಕ್ಕೆ ಕಿಲವರ್ ನಾಲ್ಕಿಗೆ ಜಾಗ ಸಿಕ್ಕಿತು. ಅವಸರದಲ್ಲಿ ಕೆಂಪು ಐದು ಎರಡನ್ನೂ ಮೇಲೆ ಕಳಿಸಿಬಿಟ್ಟರೆ ಕಪ್ಪು ನಾಲ್ಕಕ್ಕೆ ಸಾಲಿನಲ್ಲಿ ಜಾಗ ಇರೋದಿಲ್ಲ. ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಕಪ್ಪು ನಾಲ್ಕು ಎರಡೂ ಮನೆ ಸೇರಿದ ಮೇಲೆ ಕೆಂಪು ಐದನ್ನು ಧೈರ್ಯವಾಗಿ ಕಳಿಸಬಹುದು. ಅದಕ್ಕೆ ಮುಂಚೆ ಕಳಿಸೋದಾದರೆ ಅದರಿಂದ ಒಂದು ಡಬ್ಬ ಎಲೆ ತೆರೆಯುವಂತಿರಬೇಕು. ಬದಾಮ್ ಸಾತ್‌ನಲ್ಲಿ ಬೇಕಂತಲೇ ಒಂದು ಎಲೆ ಕೈಯಲ್ಲಿಟ್ಟುಕೊಂಡು ಮುಂದಿನವರನ್ನು ಸತಾಯಿಸ್ತೀವಲ್ಲ, ಆ ತಾಳ್ಮೆಯನ್ನು ಇಲ್ಲಿ ನಿಮ್ಮ ಸಲುವಾಗಿಯೇ ಬಳಸಿ. ಮನೆಗೆ ಹೋದ ಎಲೆಯನ್ನು ಬೇಕಾದಾಗ ಕೆಳಗೆ ತರಲು ಬಹಳಷ್ಟು ಕಡೆ ಅವಕಾಶ ಕೊಡ್ತಾರೆ. ಹಳೆಯ ವಿಂಡೋಸ್ ಆಟದಲ್ಲಿ ಅದಕ್ಕೆ 15 ಅಂಕ ಕಳೀತಿದ್ದರು. ನೀವು ಅಂಕ ಬರೆಯೋದಿಲ್ಲವಾದ್ದರಿಂದ ಧಾರಾಳವಾಗಿ ತನ್ನಿ.

ಕೈಯ ಕಟ್ಟನ್ನು ಒಂದೊಂದಾಗಿ ತೆರೆಯಬೇಕಾ, ಮೂರು ಮೂರಾಗಿಯಾ ಅಂತ ನೀವು ಬರೆದಿಲ್ಲ. ಎರಡೂ ಸರಿ. ಒಂದೊಂದು ಸುಲಭ, ಎಷ್ಟು ಸುತ್ತು ಬೇಕಾದರೂ ತಿರುಗಿಸಿ. ಮೊದಲ ತಿಂಗಳು ಹಾಗೇ ಆಡಿ. ಮೂರು ಮೂರಾಗಿ ತೆರೆದರೆ ಮೇಲಿನ ಎಲೆ ಮಾತ್ರ ಸಿಗ್ತದೆ, ಅದನ್ನು ತೆಗೆದರೆ ಅದರ ಕೆಳಗಿನದು. ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಗುಟ್ಟಿದೆ. ಕಟ್ಟಿನ 24 ಎಲೆಯಲ್ಲಿ ಮೊದಲ ಸುತ್ತಿಗೆ ಮೇಲೆ ಕಾಣೋದು ಮೂರನೆಯದು, ಆರನೆಯದು, ಒಂಬತ್ತನೆಯದು, ಹೀಗೆ ಎಂಟು ಎಲೆ. ಒಂದನ್ನೂ ಬಳಸದೆ ಸುತ್ತು ಮುಗಿಸಿದರೆ ಮತ್ತೆ ಅದೇ ಎಂಟು ಬರ್ತವೆ. ಸಾಲುಗಳಲ್ಲೂ ನಡೆ ಇಲ್ಲ ಅಂದರೆ ಅಲ್ಲಿಗೆ ಆಟ ಮುಗಿಯಿತು, ಇನ್ನು ತಿರುಗಿಸಿ ಪ್ರಯೋಜನವಿಲ್ಲ. ಆದರೆ ಮೂರನೆಯದೊಂದನ್ನು ತೆಗೆದರೋ, ಮುಂದಿನ ಸುತ್ತಿಗೆ ಕಾಣೋದು ಹಿಂದಿನ ಲೆಕ್ಕದ ನಾಲ್ಕನೆಯದು, ಏಳನೆಯದು, ಹತ್ತನೆಯದು. ಇಡೀ ಕಟ್ಟು ಒಂದು ಮನೆ ಸರಿದ ಹಾಗೆ. ಕಟ್ಟಿನ ಶುರುವಿನಲ್ಲಿ ಒಂದು ತೆಗೆದರೆ ಎಲ್ಲವೂ ಸರೀತದೆ, ಕೊನೆಯಲ್ಲಿ ತೆಗೆದರೆ ಏನೂ ಬದಲಾಗೋದಿಲ್ಲ. ಹಾಗಾಗಿ ಮೊದಲ ಸುತ್ತಿನಲ್ಲಿ ಏನೂ ಮುಟ್ಟದೆ ಎಲ್ಲ ನೋಡಿಕೊಂಡು ಬರುವವರೂ ಇದ್ದಾರೆ. ಮಕ್ಕಳ ಹಾಜರಿ ಪುಸ್ತಕ ಬಾಯಿಪಾಠ ಇಟ್ಟುಕೊಂಡಿದ್ದ ನಿಮಗೆ ಎಂಟು ಎಲೆ ನೆನಪಿಡೋದು ಕಷ್ಟವಾಗಲಿಕ್ಕಿಲ್ಲ.

ಎಲೆ ಕಲಸೋದು ಸಣ್ಣ ವಿಷಯ ಅನ್ನಿಸಬಹುದು, ಅಲ್ಲ. ಆಟ ನಿಂತಾಗ ಎಲೆಗಳು ಕೆಂಪು-ಕಪ್ಪು, ಕೆಂಪು-ಕಪ್ಪು ಅಂತ ಇಳಿಸಾಲಿನಲ್ಲಿ ಕೂತಿರುತ್ತವೆ. ಹಾಗೇ ಎತ್ತಿ ಎರಡು ಸಲ ಕತ್ತರಿಸಿ ಹಾಕಿದರೆ ಮುಂದಿನ ಆಟಕ್ಕೆ ಹಿಂದಿನ ಆಟದ ಎಂಜಲೇ ಬಡಿಸಿದಂತೆ. ಕಟ್ಟನ್ನು ಎರಡು ಭಾಗ ಮಾಡಿ ಪಟಪಟ ಅಂತ ಒಂದರೊಳಗೊಂದು ಸೇರಿಸುವ ಬಗೆಯಲ್ಲಿ ಏಳು ಸಲ ಕಲಸಬೇಕು ಅಂತ 1992ರಲ್ಲಿ ಡೇವ್ ಬೇಯರ್, ಪರ್ಸಿ ಡಯಾಕೊನಿಸ್ ಅನ್ನುವ ಇಬ್ಬರು ಗಣಿತಜ್ಞರು ತೋರಿಸಿದ್ದಾರೆ. ಬೆರಳಿಗೆ ಅದು ಆಗೋದಿಲ್ಲ ಅಂದರೆ ಎಲ್ಲವನ್ನೂ ಡಬ್ಬ ಹರಡಿ, ಎರಡೂ ಅಂಗೈಯಿಂದ ಜೋಳ ಕೈಯಾಡಿಸಿದ ಹಾಗೆ ಒಂದು ನಿಮಿಷ ಕಲಸಿ. ಸಾಕು.

ಮಂಚದ ಮೇಲೆ ಆಡ್ತೀನಿ ಅಂದಿರಿ. ಮಾಮೂಲಿ ಎಲೆ ಎರಡೂವರೆ ಇಂಚು ಅಗಲ. ಏಳು ಸಾಲು, ನಡುವೆ ಅರ್ಧ ಇಂಚು ಜಾಗ ಅಂದರೆ ಒಂದೂಮುಕ್ಕಾಲು ಅಡಿ ಬೇಕು. ಉದ್ದಕ್ಕೆ ಎರಡಡಿ ಇದ್ದರೆ ಒಳ್ಳೆಯದು. ಅಷ್ಟಗಲದ ಹಲಗೆ ಒಂದನ್ನು ಮಾಡಿಸಿಕೊಳ್ಳಿ. ಬರೀ ಹಲಗೆ ಮೇಲೆ ಎಲೆ ಜಾರ್ತವೆ, ಹಳೇ ಇಳಕಲ್ ಸೀರೆ ಮಡಚಿ ಬಿಗಿಯಾಗಿ ಹಾಸಿ. ಜಮಖಂಡಿಯ ಬಿಸಿಲಿಗೆ ಫ್ಯಾನ್ ಆರಿಸಿ ಆಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಗಾಳಿ ಪಕ್ಕದಿಂದ ಬರುವಂತೆ ಕೂತರೆ ಹಾರೋದು ಕಡಿಮೆ.

ಇಷ್ಟೆಲ್ಲ ಮಾಡಿಯೂ ನಸೀಬಿನ ಆಟ ಬೇಸರ ಬಂದರೆ ಫ್ರೀಸೆಲ್ ಕಲಿಯಿರಿ. ಅದರಲ್ಲಿ ಡಬ್ಬ ಎಲೆಯೇ ಇಲ್ಲ, 52 ಎಲೆಯೂ ಎಂಟು ಸಾಲಿನಲ್ಲಿ ತೆರೆದೇ ಇರ್ತವೆ. ಎಲೆ ತಾತ್ಪೂರ್ತಿಕವಾಗಿ ಇಡಲು ನಾಲ್ಕು ಜಾಗ. ವಿಂಡೋಸ್‌ನ ಹಳೆಯ ಫ್ರೀಸೆಲ್‌ನಲ್ಲಿ 32,000 ಆಟಗಳಿದ್ದವು, ಅದರಲ್ಲಿ 11982ನೆಯದೊಂದು ಮಾತ್ರ ಯಾರಿಂದಲೂ ಬಿಡಿಸಲಾಗದ್ದು. ಅಲ್ಲಿ ಸೋತರೆ ತಪ್ಪು ನಮ್ಮದೇ. ಅದಕ್ಕೇ ನಾನು ಅದನ್ನು ಜಾಸ್ತಿ ಆಡೋದಿಲ್ಲ.

ಇನ್ನು ಮೋಸದ ಮಾತು. ಆಟ ನಡೆಯುತ್ತಿರುವಾಗ ಇಣುಕಿ ನೋಡಿ, ಅದರ ಪ್ರಕಾರ ಎಲೆ ಇಟ್ಟು, ಆಮೇಲೆ ಗೆದ್ದೆ ಅಂತ ಮನೆಯವರಿಗೆ ಹೇಳಿದರೆ ಮೊಮ್ಮಗಳ ಕಡೆ ನ್ಯಾಯವಿದೆ. ಆದರೆ ಆಟ ಪೂರ್ತಿ ನಿಂತ ಮೇಲೆ ನೋಡಿದರೆ ಅದು ಮೋಸವಲ್ಲ, ಪೇಪರ್ ತಿದ್ದಿದ ಹಾಗೆ. ಎಲ್ಲ ಡಬ್ಬ ಎಲೆಗಳನ್ನೂ ಇದ್ದಲ್ಲೇ ತಿರುವಿ ಹಾಕಿ. ಬೇಕಿದ್ದ ಎಕ್ಕಾ ಯಾವ ಸಾಲಿನ ಕೆಳಗಿತ್ತು, ಆ ಸಾಲನ್ನು ತೆರೆಯಲು ಅವಕಾಶ ಬಂದಾಗ ನಾನೇನು ಮಾಡಿದೆ ಅಂತ ನೋಡಿ. ನಾಲ್ಕೈದು ಆಟ ಹೀಗೆ ತಿದ್ದಿದರೆ ನಿಮ್ಮ ತಪ್ಪಿನ ಜಾತಿ ನಿಮಗೇ ಗೊತ್ತಾಗ್ತದೆ. ನನ್ನದು ಪ್ರತಿ ಸಲವೂ ಒಂದೇ ಆಗಿತ್ತು: ಬಲಗಡೆಯ ಉದ್ದದ ಸಾಲುಗಳನ್ನು ಬಿಟ್ಟು ಎಡಗಡೆಯ ಗಿಡ್ಡ ಸಾಲುಗಳನ್ನು ಬೇಗ ಖಾಲಿ ಮಾಡುವ ಚಟ.

ಮತ್ತೆ ಆ ಮೊಮ್ಮಗಳ ಮೊಬೈಲ್ ಇದೆಯಲ್ಲ. ಅಲ್ಲಿ ನಡೆ ಹಿಂದಕ್ಕೆ ತೆಗೆದುಕೊಳ್ಳುವ ಬಟನ್ ಇರ್ತದೆ, ಸುಳಿವು ಕೊಡುವ ಬಟನ್ ಇರ್ತದೆ. ಎಷ್ಟೋ ಆ್ಯಪ್‌ಗಳಲ್ಲಿ ಗೆಲ್ಲಲು ಬರುವ ಆಟಗಳನ್ನು ಮಾತ್ರ ಆರಿಸಿ ಹಾಕುವ ಅನುಕೂಲವೂ ಉಂಟು. ಹಿಂದಕ್ಕೆ ತೆಗೆದುಕೊಳ್ಳೋದು ಅಂದರೆ ಎಲೆ ಎತ್ತಿ ನೋಡಿ ವಾಪಸ್ ಇಡೋದೇ, ಬೇರೇನಲ್ಲ. ಮುಂದಿನ ಸಲ "ಅಜ್ಜಿ, ಮೋಸ" ಅಂದಾಗ ನಿಮ್ಮ ಕಟ್ಟನ್ನು ಅವಳ ಕೈಗೆ ಕೊಟ್ಟು, ಎದುರಿಗೆ ಕೂತು ಒಂದು ಆಟ ಆಡಿ ತೋರಿಸು ಅನ್ನಿ.